ಗೆಳೆಯರ ಸ್ಕೀ ಚಾರಣದಲ್ಲಿ ‘ಬೇಡ’ ಎನ್ನುವ ಅಧಿಕಾರ ಯಾರದು?

ಪ್ರಶ್ನೆ: ನಾವು ಆರು ಮಂದಿ ಗೆಳೆಯರು. ಬೇಸಿಗೆಯಲ್ಲಿ ಒಟ್ಟಿಗೆ ಬಂಡೆ ಹತ್ತುತ್ತೇವೆ, ಚಳಿಗಾಲದಲ್ಲಿ ಸ್ಕೀ ಮಾಡುತ್ತೇವೆ. ರೆಸಾರ್ಟಿನ ಎಲ್ಲೆಯಾಚೆಗೆ ಸ್ವಂತ ಕಾಲಬಲದಿಂದ ಹತ್ತಿ ಇಳಿಯುವ ಸ್ಕೀ ಚಾರಣದಲ್ಲಿ ನಮ್ಮಲ್ಲಿ ಇಬ್ಬರಿಗೆ ಮಾತ್ರ ಕೆಲವು ವರ್ಷಗಳ ಅನುಭವವಿದೆ. ಉಳಿದ ನಾಲ್ವರು ಸಿದ್ಧಪಡಿಸಿದ ಇಳಿಜಾರುಗಳಲ್ಲಿ ಚೆನ್ನಾಗಿ ಇಳಿಯಬಲ್ಲರು. ಮುಂದಿನ ವಸಂತದಲ್ಲಿ ಮಾರ್ಗದರ್ಶಕರಿಲ್ಲದೆ ನಾಲ್ಕು ದಿನ ತಂಗುದಾಣದಿಂದ ತಂಗುದಾಣಕ್ಕೆ ಸಾಗಿ, ಕೊನೆಯ ದಿನ ಹಿಮನದಿಯ ಮೇಲಿಂದ ಒಂದು ಶಿಖರ ಏರಬೇಕೆಂದಿದ್ದೇವೆ. ಕಳೆದ ಚಳಿಗಾಲದ ಒಂದು ಚಾರಣದಲ್ಲಿ ಗೆಳತಿಯೊಬ್ಬಳು ಹಿಂದಿರುಗೋಣ ಎಂದಾಗ ಉಳಿದವರು ಒಪ್ಪಲಿಲ್ಲ. ಏನೂ ಆಗದೆ ಮರಳಿದೆವು, ಆದರೂ ಮನಸ್ಸಿನಲ್ಲಿ ಕಹಿ ಉಳಿದಿದೆ. ಇಂಥ ಗುಂಪಿನಲ್ಲಿ ನಿರ್ಧಾರ ಯಾರು ತೆಗೆದುಕೊಳ್ಳಬೇಕು? ಹೊರಡುವ ಮುನ್ನ ನಮಗೆ ಏನೇನು ಗೊತ್ತಿರಬೇಕು?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಮುಂದೆ ಸಾಗಲು ಆರೂ ಮಂದಿಯ ಒಪ್ಪಿಗೆ ಬೇಕು, ಹಿಂದಿರುಗಲು ಯಾರಾದರೂ ಒಬ್ಬರ ಮಾತು ಸಾಕು. ಆ ಒಬ್ಬರು ಗುಂಪಿನಲ್ಲಿ ಅತ್ಯಂತ ಕಡಿಮೆ ಅನುಭವವುಳ್ಳವರಾಗಿರಬಹುದು, ತಮ್ಮ ಆತಂಕಕ್ಕೆ ಕಾರಣ ಏನೆಂದು ವಿವರಿಸಲು ಅವರಿಗೆ ಸಾಧ್ಯವಾಗದೆಯೂ ಇರಬಹುದು. ಆದರೂ ಅವರ ‘ಬೇಡ’ ನಡೆಯಬೇಕು. ಈ ನಿಯಮವನ್ನು ಹಿಮದ ಮೇಲೆ ನಿಂತು, ಶಿಖರ ಕಣ್ಣೆದುರಿಗೆ ಇರುವಾಗ ರೂಪಿಸಿಕೊಳ್ಳಲು ಆಗುವುದಿಲ್ಲ. ಮನೆಯಲ್ಲಿ ನಕ್ಷೆ ಹರಡಿಕೊಂಡು ಕುಳಿತಾಗಲೇ ಆರೂ ಮಂದಿ ಬಾಯಿಬಿಟ್ಟು ಹೇಳಿ ಒಪ್ಪಿಕೊಂಡಿರಬೇಕು. ನಾಯಕರು ಯಾರು ಎಂಬುದು ಇದರ ನಂತರದ ಮಾತು.

‘ಏನೂ ಆಗದೆ ಮರಳಿದೆವು’ ಎಂದು ನೀವು ಬರೆದಿರುವ ಸಾಲು ನನ್ನನ್ನು ಹೆಚ್ಚು ಕಾಡಿತು. ಬಂಡೆ ಹತ್ತುವಾಗ ತಪ್ಪು ಹೆಜ್ಜೆಯಿಟ್ಟರೆ ಆಗಲೇ ಕಾಲು ಜಾರುತ್ತದೆ. ತಪ್ಪಿಗೂ ಫಲಕ್ಕೂ ನಡುವೆ ಅಂತರವಿರುವುದಿಲ್ಲ. ಹಿಮದ ಇಳಿಜಾರು ಹಾಗಲ್ಲ. ಕುಸಿಯುವ ಸ್ಥಿತಿಯಲ್ಲಿರುವ ಇಳಿಜಾರಿನ ಮೇಲೂ ಬಹುತೇಕ ಸಲ ಜನ ಹಾದುಹೋಗಿ ಸುರಕ್ಷಿತವಾಗಿ ಇಳಿಯುತ್ತಾರೆ, ಏಕೆಂದರೆ ಒಳಗಿನ ದುರ್ಬಲ ಪದರ ಎಲ್ಲೆಡೆ ಒಂದೇ ಆಳದಲ್ಲಿ ಇರುವುದಿಲ್ಲ ಮತ್ತು ಅದು ಮುರಿಯುವ ಜಾಗದ ಮೇಲೆಯೇ ನಿಮ್ಮ ಸ್ಕೀ ಬೀಳಬೇಕೆಂದೇನೂ ಇಲ್ಲ. ಹೀಗಾಗಿ ಕೆಟ್ಟ ನಿರ್ಧಾರ ತೆಗೆದುಕೊಂಡವರಿಗೂ ಪರ್ವತ ಒಳ್ಳೆಯ ದಿನವನ್ನೇ ಕೊಟ್ಟು ಕಳಿಸುತ್ತದೆ, ಅವರು ಅದನ್ನು ತಮ್ಮ ಜಾಣ್ಮೆಯೆಂದು ಎಣಿಸಿ ಮುಂದಿನ ಬಾರಿ ಇನ್ನಷ್ಟು ಧೈರ್ಯ ಮಾಡುತ್ತಾರೆ. ಅಂದು ನಿಮ್ಮ ಗೆಳತಿಯ ಮಾತು ಸರಿಯಿತ್ತೋ ಇಲ್ಲವೋ ಎಂಬುದನ್ನು ನೀವು ಸುರಕ್ಷಿತವಾಗಿ ಮರಳಿದಿರಿ ಎಂಬ ಸಂಗತಿ ತೀರ್ಮಾನಿಸುವುದಿಲ್ಲ. ಆ ದಿನ ಅವರು ಕಂಡದ್ದೇನು, ಆ ವಾರದ ಹಿಮದ ಸ್ಥಿತಿ ಹೇಗಿತ್ತು, ನೀವು ಹತ್ತಿದ ಇಳಿಜಾರಿನ ಕೋನ ಎಷ್ಟಿತ್ತು ಎಂದು ಈಗಲೂ ಒಟ್ಟಿಗೆ ಕುಳಿತು ನೋಡಬಹುದು. ನೋಡಲೇಬೇಕು ಎಂಬುದು ನನ್ನ ಸಲಹೆ.

ಜೀವಹಾನಿಯಾದ ಹಿಮಕುಸಿತಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತನ್ನು ಸಿಲುಕಿಕೊಂಡವರೇ ಅಥವಾ ಅವರ ಗುಂಪಿನವರೇ ಹೊರಡಿಸಿರುತ್ತಾರೆ. ಇದು ಭಯ ಹುಟ್ಟಿಸುವ ಸಂಗತಿಯಂತೆ ಕಂಡರೂ ನಿಜಕ್ಕೂ ಭರವಸೆಯ ಸಂಗತಿ: ಅಪಾಯ ಬಹುಪಾಲು ನಮ್ಮ ನಿರ್ಧಾರದಲ್ಲಿದೆ, ಆದ್ದರಿಂದ ನಿರ್ಧರಿಸುವ ರೀತಿಯನ್ನು ಸುಧಾರಿಸಿಕೊಂಡರೆ ಅಪಾಯವೂ ಕಡಿಮೆಯಾಗುತ್ತದೆ. ಅಮೆರಿಕದ ಹಿಮಕುಸಿತ ಸಂಶೋಧಕ ಇಯಾನ್ ಮೆಕ್ಯಾಮನ್ ಅವರು ಈ ಶತಮಾನದ ಆರಂಭದಲ್ಲಿ ನೂರಾರು ಹಿಮಕುಸಿತದ ಅವಘಡಗಳ ದಾಖಲೆಗಳನ್ನು ಪರಿಶೀಲಿಸಿ, ತರಬೇತಿ ಪಡೆದವರೂ ಸ್ಪಷ್ಟವಾದ ಅಪಾಯದ ಗುರುತುಗಳ ನಡುವೆಯೇ ಮುಂದೆ ಸಾಗಿದ್ದನ್ನು ತೋರಿಸಿದರು. ಪರಿಚಿತ ಜಾಗವೆಂಬ ನಂಬಿಕೆ, ಇತರರ ಮೆಚ್ಚುಗೆಯ ಆಸೆ, ಒಮ್ಮೆ ಇಟ್ಟುಕೊಂಡ ಗುರಿಗೆ ಅಂಟಿಕೊಳ್ಳುವುದು, ಅನುಭವಿಯೆಂದು ಕಂಡವರನ್ನು ಪ್ರಶ್ನಿಸದೆ ಹಿಂಬಾಲಿಸುವುದು, ಬೇರೆಯವರಿಗಿಂತ ಮೊದಲು ಹೊಸ ಹಿಮವನ್ನು ಮುಟ್ಟುವ ತವಕ, ಜೊತೆಗೆ ಜನರಿದ್ದಾರೆಂಬ ಧೈರ್ಯ, ಈ ಆರನ್ನು ಅವರು ಬಲೆಗಳೆಂದು ಗುರುತಿಸಿದರು. ಗೆಳೆಯರ ಗುಂಪಿನಲ್ಲಿ ಆರೂ ಬಲೆಗಳು ಒಟ್ಟಿಗೆ ಇರುತ್ತವೆ. ಹಣ ಪಡೆದು ಕರೆದೊಯ್ಯುವ ಮಾರ್ಗದರ್ಶಕರಿಗೆ ‘ಇಂದು ಬೇಡ’ ಎನ್ನುವುದು ವೃತ್ತಿಯ ಭಾಗ. ಗೆಳೆಯರಿಗೆ ಅದೇ ಮಾತು ಹೇಳುವಾಗ ದಾಕ್ಷಿಣ್ಯ ಅಡ್ಡಬರುತ್ತದೆ: ರಜೆ ಹಾಕಿ ಬಂದಿದ್ದಾರೆ, ಹವಾಮಾನ ಚೆನ್ನಾಗಿದೆ, ನನ್ನೊಬ್ಬಳಿಂದ ಎಲ್ಲರ ದಿನ ಹಾಳಾಗುವುದೇಕೆ ಎಂದು ಬಾಯಿ ಕಟ್ಟುತ್ತದೆ.

2012ರ ಫೆಬ್ರುವರಿ 19ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್ ಬಳಿಯ ಟನಲ್ ಕ್ರೀಕ್‌ನಲ್ಲಿ ನಡೆದದ್ದು ಇದೇ. ಹದಿನಾರು ಮಂದಿಯ ಗುಂಪು, ಅವರಲ್ಲಿ ಹಲವರು ಸ್ಕೀ ಲೋಕದಲ್ಲಿ ಹೆಸರು ಮಾಡಿದವರು, ಜಾಗವನ್ನು ಬಲ್ಲವರು. ಹಿಮಕುಸಿತದಲ್ಲಿ ಮೂವರು ತೀರಿಕೊಂಡರು. ಬದುಕುಳಿದವರಲ್ಲಿ ಕೆಲವರು ನಂತರ ಹೇಳಿದ ಮಾತು ಒಂದೇ ಬಗೆಯದು: ಗುಂಪು ತೀರಾ ದೊಡ್ಡದಾಯಿತು ಎಂದು ಮನಸ್ಸಿನಲ್ಲಿ ಅನ್ನಿಸಿತ್ತು, ಆದರೆ ಇಷ್ಟೊಂದು ಅನುಭವಿಗಳ ನಡುವೆ ಅದನ್ನು ಹೇಳಲಿಲ್ಲ. ಆ ದಿನ ಅಲ್ಲಿ ತಿಳಿವಳಿಕೆಯ ಕೊರತೆ ಇರಲಿಲ್ಲ, ಅದು ಬಾಯಿಗೆ ಬರಲು ದಾರಿ ಇರಲಿಲ್ಲ. ನಿಮ್ಮ ಗೆಳತಿ ಅಂದು ಬಾಯಿಬಿಟ್ಟು ಹೇಳಿದ್ದು ಗುಂಪಿಗೆ ಮಾಡಿದ ದೊಡ್ಡ ಉಪಕಾರವೆಂದು ನಾನು ಭಾವಿಸುತ್ತೇನೆ. ಆ ಮಾತು ಮೂಲೆಗೆ ಬಿದ್ದದ್ದರಿಂದ ಮುಂದಿನ ಬಾರಿ ಅವರು ಸುಮ್ಮನಿದ್ದುಬಿಡುವ ಸಾಧ್ಯತೆಯೇ ಹೆಚ್ಚು, ನಿಮ್ಮ ಗುಂಪಿನ ಮುಂದಿರುವ ಅತಿ ದೊಡ್ಡ ಅಪಾಯವೂ ಅದೇ. ಹೊಸ ನಿಯಮವನ್ನು ಆರು ಮಂದಿಯ ಮುಂದಿಡುವ ಮೊದಲು ಅವರ ಬಳಿ ಹೋಗಿ, ಅಂದು ನಿಮ್ಮ ಮಾತನ್ನು ಕೇಳಬೇಕಿತ್ತು ಎಂದು ಹೇಳಿ.

ಇನ್ನು ಗುಂಪಿನ ಗಾತ್ರ. ಆರು ಮಂದಿ ಒಂದೇ ಗುಂಪಾಗಿ ಸಾಗುವುದು ನನಗೆ ಒಪ್ಪಿಗೆಯಿಲ್ಲ. ಗುಂಪು ನಾಲ್ವರನ್ನು ದಾಟಿದಂತೆ ಹಿಮಕುಸಿತಕ್ಕೆ ಸಿಲುಕುವ ಸಾಧ್ಯತೆ ಏರುತ್ತದೆ. ಮಾತು ಕೇಳಿಸುವುದಿಲ್ಲ, ಒಬ್ಬೊಬ್ಬರಾಗಿ ಇಳಿಯಲು ಹೊತ್ತು ಸಾಲುವುದಿಲ್ಲ, ಸುರಕ್ಷಿತವಾಗಿ ನಿಂತು ಕಾಯುವ ಜಾಗದಲ್ಲಿ ಎಲ್ಲರಿಗೂ ಎಡೆಯಿರುವುದಿಲ್ಲ. ಅನುಭವಿಗಳು ಇಬ್ಬರಿರುವುದರಿಂದ ಮೂವರ ಎರಡು ತಂಡಗಳನ್ನು ಮಾಡಿಕೊಳ್ಳಿ, ಪ್ರತಿ ತಂಡದಲ್ಲಿ ಒಬ್ಬ ಅನುಭವಿ ಇರಲಿ. ತಂಡಗಳು ಒಂದೇ ದಿಕ್ಕಿನಲ್ಲಿ, ಪರಸ್ಪರ ಕಾಣುವಷ್ಟು ದೂರದಲ್ಲಿ, ಕೈಯಲ್ಲಿ ಒಂದೊಂದು ರೇಡಿಯೊ ಹಿಡಿದು ಸಾಗಲಿ. ಆದರೆ ಒಂದು ತಂಡ ಇಳಿಜಾರಿನಲ್ಲಿರುವಾಗ ಇನ್ನೊಂದು ಅದರ ಮೇಲೆಯೂ ಇರಬಾರದು, ನೇರ ಕೆಳಗೂ ಇರಬಾರದು. ಒಂದು ತಂಡ ಹಿಂದಿರುಗಲು ನಿರ್ಧರಿಸಿದರೆ ಇನ್ನೊಂದು ತಂಡವೂ ಹಿಂದಿರುಗಬೇಕು, ಇಲ್ಲದಿದ್ದರೆ ನಿಯಮಕ್ಕೆ ಅರ್ಥವಿಲ್ಲ. ನಾಯಕರ ಕೆಲಸ ಇಷ್ಟೇ: ದಾರಿ ಆರಿಸುವುದು, ಗಡಿಯಾರ ನೋಡುವುದು, ಪ್ರತಿ ತಿರುವಿನಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕೇಳುವುದು. ‘ಎಲ್ಲರಿಗೂ ಸರಿಯೇ?’ ಎಂದು ಒಟ್ಟಾಗಿ ಕೇಳಿದರೆ ಮೌನವೇ ಒಪ್ಪಿಗೆಯಾಗುತ್ತದೆ. ಆದ್ದರಿಂದ ಕಡಿಮೆ ಅನುಭವವುಳ್ಳವರಿಂದ ಆರಂಭಿಸಿ ಒಬ್ಬೊಬ್ಬರನ್ನೂ ಕೇಳಬೇಕು, ಅನುಭವಿಗಳು ತಮ್ಮ ಅಭಿಪ್ರಾಯವನ್ನು ಕೊನೆಯಲ್ಲಿ ಹೇಳಬೇಕು. ಮೊದಲೇ ಹೇಳಿಬಿಟ್ಟರೆ ಉಳಿದವರ ಉತ್ತರ ಅದರ ಪ್ರತಿಧ್ವನಿಯಾಗುತ್ತದೆ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ‘ಬೇಡ’ ಎನ್ನುವ ಅಧಿಕಾರವಿದ್ದರೆ ಸಾಲದು, ಯಾವಾಗ ಬೇಡ ಎನ್ನಬೇಕೆಂದು ಆರೂ ಮಂದಿಗೆ ಗೊತ್ತಾಗಬೇಕು. ಜನರನ್ನು ಕೊಲ್ಲುವ ಹಿಮಕುಸಿತಗಳಲ್ಲಿ ಹೆಚ್ಚಿನವು ಹಲಗೆಯ ಬಗೆಯವು: ಗಾಳಿ ಹೊತ್ತು ತಂದ ಅಥವಾ ಹೊಸದಾಗಿ ಬಿದ್ದ ಹಿಮ ಒತ್ತಾಗಿ ಒಂದು ಹಲಗೆಯಂತೆ ಕೂಡಿಕೊಳ್ಳುತ್ತದೆ, ಅದರ ಕೆಳಗೆ ಸಕ್ಕರೆಯ ಹರಳಿನಂತೆ ಒಂದಕ್ಕೊಂದು ಅಂಟದ ಹಿಮಕಣಗಳ ತೆಳುಪದರವಿರುತ್ತದೆ. ನೆಲದ ಬಳಿಯ ಹಿಮ ಸುಮಾರು ಸೊನ್ನೆ ಡಿಗ್ರಿಯಲ್ಲಿದ್ದು ಮೇಲ್ಮೈ ತೀವ್ರವಾಗಿ ತಣಿದಾಗ, ಅಂದರೆ ಪ್ರತಿ 10 ಸೆಂಟಿಮೀಟರ್ ದಪ್ಪಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಉಷ್ಣಾಂಶ ಬದಲಾದಾಗ, ನೀರಾವಿ ಕೆಳಗಿನಿಂದ ಮೇಲಕ್ಕೆ ಸಾಗುತ್ತಾ ಕಣಗಳನ್ನು ಹೀಗೆ ಮೂಲೆಮೂಲೆಯ ಹರಳುಗಳಾಗಿ ಬೆಳೆಸುತ್ತದೆ. ಚಳಿಗಾಲದ ಆರಂಭದಲ್ಲಿ ಹಿಮ ತೆಳುವಾಗಿ ಬಿದ್ದು, ನಂತರ ದೀರ್ಘಕಾಲ ನಿರಭ್ರ ಆಕಾಶವಿದ್ದರೆ ಇಂಥ ಪದರ ತಳದಲ್ಲಿ ಹುಟ್ಟಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದ್ದರಿಂದ ವಸಂತದ ಯಾತ್ರೆಗೆ ಹೊರಡುವವರು ಆ ಪ್ರದೇಶದ ಹಿಮಕುಸಿತ ಮುನ್ಸೂಚನೆಯನ್ನು ಚಳಿಗಾಲದ ಮೊದಲ ವಾರದಿಂದಲೇ ಓದುತ್ತಿರಬೇಕು. ಹೊರಡುವ ಹಿಂದಿನ ಸಂಜೆ ಓದಿದರೆ ಕಥೆಯ ಕೊನೆಯ ಪುಟ ಮಾತ್ರ ತಿಳಿಯುತ್ತದೆ.

ಆ ಮುನ್ಸೂಚನೆಗೆ ಐದು ಹಂತಗಳಿವೆ. ಮೂರನೆಯ ಹಂತವೆಂದರೆ ಮಧ್ಯಮ, ಪರವಾಗಿಲ್ಲ ಎಂದು ಹಲವರು ತಿಳಿಯುತ್ತಾರೆ, ಇದು ಅತ್ಯಂತ ದುಬಾರಿಯಾದ ತಪ್ಪು ತಿಳಿವಳಿಕೆ. ಹಂತದಿಂದ ಹಂತಕ್ಕೆ ಅಪಾಯ ಸಮನಾಗಿ ಏರುವುದಿಲ್ಲ, ಪ್ರತಿ ಸಲವೂ ಹಲವು ಮಡಿಯಾಗುತ್ತಾ ಹೋಗುತ್ತದೆ. ನಾಲ್ಕು ಮತ್ತು ಐದನೆಯ ಹಂತದ ದಿನಗಳಲ್ಲಿ ಜನ ಮನೆಯಲ್ಲೇ ಉಳಿಯುವುದರಿಂದ ಸಾವುಗಳಲ್ಲಿ ದೊಡ್ಡ ಪಾಲು ಸಂಭವಿಸುವುದು ಮೂರನೆಯ ಹಂತದಲ್ಲಿಯೇ. ಆ ಹಂತದಲ್ಲಿ ಒಬ್ಬರ ಭಾರವೇ ಇಳಿಜಾರನ್ನು ಕೆಡವಲು ಸಾಕಾಗಬಹುದು, ಕೆಲವೊಮ್ಮೆ ದೂರದಿಂದಲೂ. 2013ರ ಏಪ್ರಿಲ್ 20ರಂದು ಕೊಲರಾಡೊದ ಲವ್‌ಲ್ಯಾಂಡ್ ಪಾಸ್ ಬಳಿಯ ಶೀಪ್ ಕ್ರೀಕ್‌ನಲ್ಲಿ ಆರು ಮಂದಿ, ಅಂದರೆ ನಿಮ್ಮಷ್ಟೇ ಮಂದಿ, ಅಪಾಯದ ಇಳಿಜಾರು ಯಾವುದೆಂದು ತಿಳಿದಿದ್ದೇ ಅದರ ಬುಡದಲ್ಲಿ ಹಾದು ಆಚೆಯ ಸುರಕ್ಷಿತ ಜಾಗಕ್ಕೆ ಹೊರಟಿದ್ದರು. ಒಬ್ಬರಿಂದೊಬ್ಬರು ಸುಮಾರು 50 ಅಡಿ ಅಂತರವಿಟ್ಟುಕೊಂಡಿದ್ದರು. ಹಿಮ ಅವರ ಮೇಲ್ಗಡೆಯಿಂದ ಮುರಿದುಬಂದು ಆರೂ ಮಂದಿಯನ್ನು ಸೆಳೆಯಿತು, ಐವರು ಸತ್ತರು. ಅಂತರ ಇಡುವುದೆಂದರೆ ಕೆಲವು ಅಡಿಗಳಲ್ಲ, ಇಡೀ ಇಳಿಜಾರು. ಒಬ್ಬರು ದಾಟುವಾಗ ಉಳಿದವರೆಲ್ಲ ಹಿಮ ಹರಿದುಬರದ ಜಾಗದಲ್ಲಿ ನಿಂತು ಅವರನ್ನೇ ನೋಡುತ್ತಿರಬೇಕು.

ಇಳಿಜಾರಿನ ಕೋನದ ಬಗ್ಗೆ ಮಾತ್ರ ಅಂದಾಜಿಗೆ ಎಡೆಗೊಡಬೇಡಿ. ಹಲಗೆಯ ಹಿಮಕುಸಿತಗಳಲ್ಲಿ ಬಹುಪಾಲು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಹುಟ್ಟುತ್ತವೆ, ಸ್ಕೀಯಲ್ಲಿ ಇಳಿಯಲು ಹೆಚ್ಚು ಆನಂದ ಕೊಡುವ ಇಳಿಜಾರುಗಳೂ ಅವೇ. 30 ಡಿಗ್ರಿಗಿಂತ ಕಡಿಮೆಯಿರುವ ದಾರಿಯನ್ನು ಆರಿಸಿ, ಮೇಲ್ಗಡೆಯೂ ಕಡಿದಾದ ಇಳಿಜಾರು ಇಲ್ಲದಂತೆ ನೋಡಿಕೊಂಡರೆ, ಹಿಮದ ಬಗ್ಗೆ ಹೆಚ್ಚು ತಿಳಿಯದವರೂ ಅನೇಕ ಚಳಿಗಾಲಗಳನ್ನು ಸುರಕ್ಷಿತವಾಗಿ ಕಳೆಯಬಹುದು. ನಕ್ಷೆಯಲ್ಲಿ ಇದನ್ನು ಅಳೆಯುವುದು ಕಷ್ಟವಲ್ಲ. 1:25,000 ಅಳತೆಯ ನಕ್ಷೆಯಲ್ಲಿ ಎತ್ತರದ ರೇಖೆಗಳು 20 ಮೀಟರ್‌ಗೆ ಒಂದರಂತೆ ಇದ್ದರೆ, 30 ಡಿಗ್ರಿಯ ಇಳಿಜಾರಿನಲ್ಲಿ ಎರಡು ರೇಖೆಗಳ ನಡುವೆ ಸುಮಾರು 1.4 ಮಿಲಿಮೀಟರ್ ಇರುತ್ತದೆ, ನೆಲದ ಮೇಲೆ ಅದು 35 ಮೀಟರ್. ರೇಖೆಗಳು ಅದಕ್ಕಿಂತ ಹತ್ತಿರವಾದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ. ಕೋನಕ್ಕೆ ತಕ್ಕಂತೆ ಬಣ್ಣ ಹಚ್ಚಿದ ಡಿಜಿಟಲ್ ನಕ್ಷೆಗಳು ಈಗ ಸುಲಭವಾಗಿ ಸಿಗುತ್ತವೆ, ಆದರೆ ಚಿಕ್ಕ ಕಡಿದಾದ ತುಂಡುಗಳು ಅವುಗಳಲ್ಲಿ ಮರೆಯಾಗುತ್ತವೆ. ಆದ್ದರಿಂದ ಅಲ್ಲಿಗೆ ತಲುಪಿದ ಮೇಲೆ ಕೋನಮಾಪಕದಿಂದ ಮತ್ತೊಮ್ಮೆ ನೋಡಬೇಕು.

ಇದರ ಜೊತೆಗೆ ಹಿಮ ತಾನಾಗಿಯೇ ಕೊಡುವ ಮೂರು ಎಚ್ಚರಿಕೆಗಳನ್ನು ಆರೂ ಮಂದಿ ಮನಗಾಣಬೇಕು: ಆಸುಪಾಸಿನಲ್ಲಿ ಅಂದೋ ಹಿಂದಿನ ದಿನವೋ ಬಿದ್ದ ಹಿಮಕುಸಿತದ ಗುರುತು, ಹೆಜ್ಜೆಯಿಟ್ಟಾಗ ಒಳಗಿನ ಪದರ ಕುಸಿದು ಕೇಳುವ ‘ಧೊಪ್’ ಎಂಬ ಆಳವಾದ ಸದ್ದು, ಸ್ಕೀಯ ತುದಿಯಿಂದ ಸರ್ರನೆ ಓಡುವ ಬಿರುಕು. ಇವುಗಳಲ್ಲಿ ಒಂದು ಕಂಡರೂ ಆ ಬಗೆಯ ಇಳಿಜಾರಿಗೆ ಅಂದು ಹೋಗುವಂತಿಲ್ಲ. ಇಲ್ಲಿ ಚರ್ಚೆಯ ಅಗತ್ಯವಿಲ್ಲ. ಹಿಮವನ್ನು ಕಡಿದು 30 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದದ ಕಂಬವನ್ನು ಬಿಡಿಸಿ, ಒಂದು ತುದಿಯಲ್ಲಿ ಸಲಿಕೆಯಿಟ್ಟು ಮೊದಲು ಮಣಿಕಟ್ಟಿನಿಂದ, ನಂತರ ಮೊಣಕೈಯಿಂದ, ಕೊನೆಗೆ ಭುಜದಿಂದ ಹತ್ತು ಹತ್ತು ಬಾರಿ ತಟ್ಟುವ ಪರೀಕ್ಷೆಯನ್ನು ಕಲಿತರೆ ಒಳ್ಳೆಯದು, ಬಿರುಕು ಇನ್ನೊಂದು ತುದಿಯವರೆಗೂ ಓಡಿದರೆ ಅದು ಗಂಭೀರ ಸೂಚನೆ. ಆದರೆ ಓಡದಿದ್ದ ಮಾತ್ರಕ್ಕೆ ಇಳಿಜಾರು ಸುರಕ್ಷಿತವೆಂದು ತೀರ್ಮಾನಿಸಬೇಡಿ. ಇಂಥ ಪರೀಕ್ಷೆ ‘ಬೇಡ’ ಎನ್ನಲು ಕಾರಣ ಕೊಡಬಲ್ಲದು, ‘ಹೋಗಬಹುದು’ ಎನ್ನಲು ಅಲ್ಲ.

ಹೂತುಹೋದವರನ್ನು ಹೊರತೆಗೆಯುವ ಕೆಲಸಕ್ಕೆ ನಿಮ್ಮ ಗುಂಪು ಎಷ್ಟು ಸಿದ್ಧವಾಗಿದೆ ಎಂಬುದರ ಮೇಲೆ ನನ್ನ ಸಲಹೆಯ ಉಳಿದ ಭಾಗ ನಿಂತಿದೆ. ಪೂರ್ತಿ ಹೂತವರನ್ನು ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾಗುವ ಹೊತ್ತಿಗೆ ಅದು ಮೂರರಲ್ಲಿ ಒಬ್ಬರಷ್ಟಕ್ಕೆ ಇಳಿಯುತ್ತದೆ. ಹೊರಗಿನ ರಕ್ಷಣಾ ತಂಡ, ಹೆಲಿಕಾಪ್ಟರ್ ಯಾವುದೂ ಅಷ್ಟರೊಳಗೆ ಬರಲಾರದು. ಅಂದರೆ ಹೂತವರ ಪ್ರಾಣ ಜೊತೆಯಲ್ಲಿರುವ ಇಬ್ಬರು ಗೆಳೆಯರ ಕೈಯಲ್ಲಿದೆ. ಆ ಇಬ್ಬರಲ್ಲಿ ಯಾರೂ ಅನುಭವಿಗಳಲ್ಲದಿರಬಹುದು, ಏಕೆಂದರೆ ಮುಂದೆ ನಡೆದು ಇಳಿಜಾರಿಗೆ ಮೊದಲು ಕಾಲಿಡುವವರು ಅನುಭವಿಗಳೇ. ನಿಮ್ಮ ಗುಂಪಿನ ಉಳಿದ ನಾಲ್ವರು ‘ಸಹಾಯಕರು’ ಎಂಬ ಭಾವನೆಯಿಂದ ಹೊರಡಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಪ್ರತಿಯೊಬ್ಬರ ಬಳಿಯೂ 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ ಟ್ರಾನ್ಸೀವರ್ (ಸದಾ ಸಂಕೇತ ಕಳಿಸುತ್ತಾ, ಬೇಕಾದಾಗ ಹೂತವರ ಸಂಕೇತವನ್ನು ಹುಡುಕುವ ಸಾಧನ), ಹಿಮದೊಳಗೆ ಚುಚ್ಚಿ ಹುಡುಕಲು ಮಡಚಬಲ್ಲ ಪ್ರೋಬ್ ಕೋಲು, ಲೋಹದ ಸಲಿಕೆ ಇರಬೇಕು. ಪ್ರತಿ ಬೆಳಿಗ್ಗೆ ತಂಗುದಾಣದ ಹೊರಗೆ ಒಬ್ಬರು ತಮ್ಮ ಸಾಧನವನ್ನು ಹುಡುಕುವ ಸ್ಥಿತಿಯಲ್ಲಿಟ್ಟು ಮುಂದೆ ಹೋಗಿ ನಿಲ್ಲಲಿ, ಉಳಿದವರು ಒಬ್ಬೊಬ್ಬರಾಗಿ ಅವರನ್ನು ಹಾದುಹೋಗಲಿ. ಕೊನೆಯವರು ನಿಂತವರ ಸಾಧನ ಸಂಕೇತ ಕಳಿಸುವ ಸ್ಥಿತಿಗೆ ಬಂದಿದೆಯೇ ಎಂದು ನೋಡಲಿ. ಎರಡು ನಿಮಿಷದ ಈ ಕ್ರಮವನ್ನು ನಾಲ್ಕನೆಯ ದಿನ ಬಿಟ್ಟುಬಿಡುವ ಗುಂಪುಗಳನ್ನು ಕಂಡಿದ್ದೇನೆ, ಆದರೆ ಸಾಧನ ನಾಲ್ಕನೆಯ ದಿನವೂ ಕೈಕೊಡಬಹುದು. ಮೊಬೈಲ್ ಮುಂತಾದ ವಿದ್ಯುತ್ ಉಪಕರಣಗಳನ್ನು ಟ್ರಾನ್ಸೀವರ್‌ನಿಂದ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿಡಬೇಕು, ಇಲ್ಲವಾದರೆ ಸಂಕೇತ ಕೆಡುತ್ತದೆ.

ಅಭ್ಯಾಸ ಹೀಗಿರಲಿ. ಒಂದು ಬೆನ್ನುಚೀಲದೊಳಗೆ ಟ್ರಾನ್ಸೀವರ್ ಇಟ್ಟು ಒಂದು ಮೀಟರ್ ಆಳದಲ್ಲಿ ಹೂಳಿ, ಹೂಳಿದ ಜಾಗ ತಿಳಿಯದ ಇಬ್ಬರನ್ನು ಹುಡುಕಲು ಕಳಿಸಿ, ಗಡಿಯಾರ ಓಡಲಿ. ಸಂಕೇತ ಸಿಕ್ಕ ಮೇಲೆ ಬಾಣದ ಗುರುತು ಹಿಡಿದು ಸಾಗಿ, ಹತ್ತಿರವಾದಂತೆ ಸಾಧನವನ್ನು ಹಿಮದ ಮೇಲ್ಮೈಗೆ ತಗ್ಗಿಸಿ ನಿಧಾನವಾಗಿ ಅಡ್ಡ ಉದ್ದ ಆಡಿಸಿದರೆ ಅತಿ ಕಡಿಮೆ ಅಂಕಿ ತೋರುವ ಜಾಗ ಸಿಗುತ್ತದೆ. ಅಲ್ಲಿಂದ ಪ್ರೋಬನ್ನು ಹಿಮದ ಮೇಲ್ಮೈಗೆ ಲಂಬವಾಗಿ, 25 ಸೆಂಟಿಮೀಟರ್ ಅಂತರದಲ್ಲಿ ಸುರುಳಿಯಾಗಿ ಚುಚ್ಚುತ್ತಾ ಹೋಗಬೇಕು. ಗಟ್ಟಿ ನೆಲಕ್ಕೂ ಮನುಷ್ಯರ ಮೈಗೂ ತಾಗಿದಾಗ ಕೈಗೆ ಆಗುವ ಅನುಭವ ಬೇರೆ ಬೇರೆ, ಅದನ್ನು ಅಭ್ಯಾಸದಲ್ಲಿ ಮಾತ್ರ ಕಲಿಯಬಹುದು. ತಾಗಿದ ಪ್ರೋಬನ್ನು ತೆಗೆಯಬಾರದು. ಅಗೆಯಲು ನಿಲ್ಲಬೇಕಾದದ್ದು ಪ್ರೋಬಿನ ಪಕ್ಕದಲ್ಲಲ್ಲ, ಇಳಿಜಾರಿನ ಕೆಳಬದಿಯಲ್ಲಿ, ಹೂತ ಆಳದಷ್ಟೋ ಅದಕ್ಕಿಂತ ತುಸು ಹೆಚ್ಚೋ ದೂರದಲ್ಲಿ. ಅಲ್ಲಿಂದ ಒಳಮುಖವಾಗಿ ಅಗೆದರೆ ಹಿಮವನ್ನು ಎತ್ತಿ ಹಾಕದೆ ಹಿಂದಕ್ಕೆ ತಳ್ಳಬಹುದು, ಹೂತವರ ಮೇಲೆ ನಿಂತು ಅವರ ಉಸಿರಿನ ಜಾಗವನ್ನು ತುಳಿಯುವ ಅಪಾಯವೂ ಇರುವುದಿಲ್ಲ. ಒಂದು ಮೀಟರ್ ಆಳದಿಂದ ಒಬ್ಬರನ್ನು ಹೊರತೆಗೆಯಲು ಒಂದು ಟನ್ನಿಗೂ ಹೆಚ್ಚು ಹಿಮ ಸರಿಸಬೇಕಾಗುತ್ತದೆ, ಅದೂ ಕುಸಿದು ನಿಂತೊಡನೆ ಕಾಂಕ್ರೀಟಿನಂತೆ ಬಿಗಿದ ಹಿಮ. ಹುಡುಕಾಟಕ್ಕಿಂತ ಅಗೆತಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದು ಮೊದಲ ಅಭ್ಯಾಸದಲ್ಲೇ ನಿಮಗೆ ಗೊತ್ತಾಗುತ್ತದೆ, ಆ ನಂತರ ಪ್ಲಾಸ್ಟಿಕ್ ಸಲಿಕೆ ತರುವ ಮಾತನ್ನು ಯಾರೂ ಆಡುವುದಿಲ್ಲ.

ಸಮಯದ ಲೆಕ್ಕ ಗೆಳೆಯರ ಗುಂಪುಗಳು ಸಡಿಲ ಬಿಡುವ ಇನ್ನೊಂದು ವಿಷಯ. ಆಲ್ಪ್ಸ್‌ನಲ್ಲಿ ಬಳಕೆಯಲ್ಲಿರುವ ಒಂದು ಕ್ರಮ ಸರಳವಾಗಿದೆ: ಏರುವ ಎತ್ತರವನ್ನು ಗಂಟೆಗೆ 400 ಮೀಟರ್‌ನಂತೆ, ದೂರವನ್ನು ಗಂಟೆಗೆ 4 ಕಿಲೋಮೀಟರ್‌ನಂತೆ ಭಾಗಿಸಿ, ಬಂದ ಎರಡು ಸಮಯಗಳಲ್ಲಿ ದೊಡ್ಡದಕ್ಕೆ ಚಿಕ್ಕದರ ಅರ್ಧವನ್ನು ಕೂಡಿಸುವುದು. ಶಿಖರದ ದಿನ 1,200 ಮೀಟರ್ ಏರಿಕೆ, 6 ಕಿಲೋಮೀಟರ್ ದೂರವೆಂದು ಇಟ್ಟುಕೊಳ್ಳೋಣ. ಎತ್ತರಕ್ಕೆ 3 ಗಂಟೆ, ದೂರಕ್ಕೆ ಒಂದೂವರೆ ಗಂಟೆ. ಒಟ್ಟು 3 ಗಂಟೆ 45 ನಿಮಿಷ. ಇದರಲ್ಲಿ ವಿಶ್ರಾಂತಿಯಿಲ್ಲ, ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀಯ ತಳಕ್ಕೆ ಹಾಕುವ ಸ್ಕಿನ್ ಎಂಬ ಪಟ್ಟಿಯನ್ನು ಅಂಟಿಸಿ ಬಿಚ್ಚುವ ಹೊತ್ತಿಲ್ಲ, ಹಗ್ಗ ಕಟ್ಟುವ ಹೊತ್ತಿಲ್ಲ. ಆರು ಮಂದಿಗೆ ಇನ್ನೂ ಒಂದು ಗಂಟೆಯನ್ನಾದರೂ ಸೇರಿಸಿ. ನಾಲ್ಕನೆಯ ದಿನದ ದಣಿವಿಗೆ ಬೇರೆ ಲೆಕ್ಕವಿದೆ. ಮೊದಲ ಮೂರು ದಿನ ನಿಮ್ಮ ನಿಜವಾದ ವೇಗವನ್ನು ಬರೆದಿಟ್ಟುಕೊಂಡು, ಸೂತ್ರವನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುವುದು ಎಲ್ಲಕ್ಕಿಂತ ನಂಬಲರ್ಹ.

ವಸಂತದಲ್ಲಿ ಗಡಿಯಾರಕ್ಕೆ ಇನ್ನೊಂದು ಕಾರಣಕ್ಕೂ ಬೆಲೆಯಿದೆ. ನಿರಭ್ರವಾದ ರಾತ್ರಿಯಲ್ಲಿ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಗಾಳಿಯ ಉಷ್ಣಾಂಶ ಸೊನ್ನೆಗಿಂತ ತುಸು ಮೇಲಿದ್ದರೂ ಹೆಪ್ಪುಗಟ್ಟುತ್ತದೆ. ಮೋಡ ಕವಿದ ರಾತ್ರಿಯಲ್ಲಿ ಆ ಶಾಖ ಹೊರಹೋಗುವುದಿಲ್ಲ, ಬೆಳಗಾಗುವಾಗಲೂ ಹಿಮ ಮೆದುವಾಗಿಯೇ ಇರುತ್ತದೆ. ಮುಂಜಾನೆ ತಂಗುದಾಣದಿಂದ ಹೊರಗೆ ಕಾಲಿಟ್ಟಾಗ ಬೂಟು ಕಣಕಾಲವರೆಗೆ ಹೂತರೆ ಅಂದಿನ ಯೋಜನೆ ಅಲ್ಲಿಗೇ ಮುಗಿಯಿತೆಂದು ತಿಳಿಯಿರಿ. ಗಟ್ಟಿಯಾಗಿದ್ದರೆ ಬೇಗ ಹೊರಡಿ, ಪೂರ್ವಕ್ಕೆ ಮುಖಮಾಡಿದ ಇಳಿಜಾರುಗಳು ಮೊದಲು ಸಡಿಲಗೊಳ್ಳುತ್ತವೆ ಎಂಬುದನ್ನು ನೆನಪಿಟ್ಟು ದಾರಿ ಹಾಕಿ, ಶಿಖರ ಸಿಗಲಿ ಬಿಡಲಿ ಹಿಂದಿರುಗಲೇಬೇಕಾದ ಗಂಟೆಯೊಂದನ್ನು ಹಿಂದಿನ ಸಂಜೆಯೇ ಕಾಗದದ ಮೇಲೆ ಬರೆಯಿರಿ. ಬರೆದದ್ದನ್ನು ಮೇಲೆ ನಿಂತು ತಿದ್ದುವಂತಿಲ್ಲ.

ಹಿಮನದಿಯ ವಿಷಯದಲ್ಲಿ ಬಂಡೆ ಹತ್ತುವ ನಿಮ್ಮ ಅನುಭವ ಅರ್ಧದಷ್ಟು ಮಾತ್ರ ನೆರವಾಗುತ್ತದೆ. ಗಂಟುಗಳು ಬರುತ್ತವೆ, ಹಗ್ಗ ಕಟ್ಟಿಕೊಳ್ಳಲು ಸೊಂಟಕ್ಕೆ ತೊಡುವ ಹಾರ್ನೆಸ್ ಹೊಸದಲ್ಲ, ಹಗ್ಗದ ಮೇಲೆ ನಂಬಿಕೆಯಿದೆ. ಆದರೆ ಬಂಡೆಯಲ್ಲಿ ಹಗ್ಗವನ್ನು ಹಿಡಿಯಲು ಗಟ್ಟಿಯಾದ ಆಧಾರವಿರುತ್ತದೆ. ಇಲ್ಲಿ ಹಿಮನದಿಯ ಆಳವಾದ ಬಿರುಕಿನೊಳಗೆ ಬಿದ್ದವರ ಭಾರವನ್ನು ಹಿಮದ ಮೇಲೆ ಕುಳಿತ ಇಬ್ಬರು ತಮ್ಮ ಮೈಯಿಂದಲೇ ತಡೆದು, ಆ ಭಾರ ತೂಗುತ್ತಿರುವಾಗಲೇ ಆಧಾರವನ್ನು ನಿರ್ಮಿಸಬೇಕು. ಹಿಮದಲ್ಲಿ ಅಡ್ಡಲಾಗಿ ಕಂದಕ ಕೊರೆದು, ಜೋಡಿ ಸ್ಕೀಗಳನ್ನು ಅದರಲ್ಲಿ ಹೂತು, ನಡುವಿಗೆ ಪಟ್ಟಿ ಕಟ್ಟಿ ಭಾರವನ್ನು ಅದಕ್ಕೆ ವರ್ಗಾಯಿಸುವುದು, ನಂತರ ರಾಟೆಗಳ ವ್ಯವಸ್ಥೆಯಿಂದ ಮೇಲೆಳೆಯುವುದು, ಇವೆರಡನ್ನೂ ಆರೂ ಮಂದಿ ಕೈಯಾರೆ ಮಾಡಿರಬೇಕು. ಮೂವರ ಎರಡು ಹಗ್ಗಗಳೆಂಬ ಏರ್ಪಾಡು ಇಲ್ಲಿಯೂ ಸರಿಹೊಂದುತ್ತದೆ. ಒಬ್ಬರಿಂದೊಬ್ಬರಿಗೆ 10ರಿಂದ 12 ಮೀಟರ್ ಅಂತರವಿಟ್ಟು, ಹಗ್ಗ ಜೋಲು ಬೀಳದಂತೆ ನಡೆಯಿರಿ. ಇಳಿಯುವಾಗ ಹಿಮದ ಹೊದಿಕೆ ದಪ್ಪವಾಗಿದ್ದು ಗಟ್ಟಿಯಾಗಿದ್ದರೆ ಹಗ್ಗವಿಲ್ಲದೆ ಇಳಿಯುವ ರೂಢಿಯಿದೆ, ಆಗಲೂ ಹಾರ್ನೆಸ್ ಮೈಮೇಲೆಯೇ ಇರಲಿ. ಹಗ್ಗವನ್ನು ಮುಂದೆ ಇಳಿಯುವವರ ಚೀಲದಲ್ಲಿ ಎಂದೂ ಇಡಬೇಡಿ: ಬಿರುಕಿಗೆ ಬೀಳುವ ಸಾಧ್ಯತೆ ಹೆಚ್ಚಿರುವುದು ಅವರಿಗೇ, ಹಗ್ಗ ಅವರೊಂದಿಗೆ ಒಳಗೆ ಹೋದರೆ ಮೇಲಿರುವವರ ಕೈ ಖಾಲಿ.

ಹವಾಮಾನ ಕೆಟ್ಟಾಗ ಈ ಎಲ್ಲ ಕೌಶಲವೂ ಸಾಲದೆ ಹೋಗುತ್ತದೆ. 2018ರ ಏಪ್ರಿಲ್ ಕೊನೆಯಲ್ಲಿ, ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಜರ್ಮಾಟ್‌ವರೆಗಿನ ಪ್ರಸಿದ್ಧ ಸ್ಕೀ ಮಾರ್ಗದಲ್ಲಿ, ಪಿನ್ಯ್ ದಾರೊಲಾ ಶಿಖರದ ಬಳಿ ಹದಿನಾಲ್ಕು ಮಂದಿ ಬಿರುಗಾಳಿಗೆ ಸಿಲುಕಿ, ತಂಗುದಾಣಕ್ಕೆ ತೀರಾ ಸಮೀಪದಲ್ಲೇ ಇಡೀ ರಾತ್ರಿ ಬಯಲಿನಲ್ಲಿ ಕಳೆಯಬೇಕಾಯಿತು. ಅವರಲ್ಲಿ ಏಳು ಮಂದಿ ತೀರಿಕೊಂಡರು, ಅನುಭವಿ ಮಾರ್ಗದರ್ಶಕರೊಬ್ಬರೂ ಅವರಲ್ಲಿದ್ದರು. ಆದ್ದರಿಂದ ಪ್ರತಿಯೊಂದು ತಂಡದಲ್ಲಿ ಗಾಳಿ ತಡೆಯುವ ತುರ್ತು ಚೀಲ, ದಿಕ್ಸೂಚಿ, ಕಾಗದದ ನಕ್ಷೆ, ಮೊದಲೇ ದಾರಿ ತುಂಬಿಸಿಟ್ಟ ಜಿಪಿಎಸ್ ಮತ್ತು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇರಲಿ. ಸಾಧನ ಕೈಕೊಟ್ಟರೆ, ಒಂದು ನಿಮಿಷದಲ್ಲಿ ಆರು ಬಾರಿ ಸೀಟಿ ಅಥವಾ ಬೆಳಕು, ನಂತರ ಒಂದು ನಿಮಿಷ ಬಿಡುವು, ಮತ್ತೆ ಆರು ಬಾರಿ. ಪರ್ವತಗಳಲ್ಲಿ ನೆರವು ಕೋರುವ ಅಂತರರಾಷ್ಟ್ರೀಯ ಸಂಕೇತ ಇದು. ಬಿರುಗಾಳಿಯ ಮುನ್ಸೂಚನೆಯಿರುವ ದಿನ ತಂಗುದಾಣದಲ್ಲೇ ಉಳಿಯಲು ಯೋಜನೆಯಲ್ಲಿ ಒಂದು ಹೆಚ್ಚುವರಿ ದಿನವಿರಬೇಕು. ನಾಲ್ಕು ದಿನದ ಯಾತ್ರೆಗೆ ಐದು ದಿನದ ರಜೆ ಹಾಕಿ.

ಉಪಕರಣಗಳ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ಅಂಗಡಿಯವರು ಚೆನ್ನಾಗಿಯೇ ಹೇಳುತ್ತಾರೆ. ಎರಡು ಮಾತು ಮಾತ್ರ. ಸ್ಕಿನ್ನುಗಳ ಅಂಟು ಚಳಿಗೆ ಕೆಡುತ್ತದೆ, ಬಿಚ್ಚಿದಾಗ ಅವುಗಳನ್ನು ಚೀಲಕ್ಕೆ ತುರುಕದೆ ಜಾಕೆಟ್ಟಿನೊಳಗೆ ಮೈಗೆ ಹತ್ತಿರವಿಡಿ. ಬಿಸಿಲಿಗೆ ತೇವವಾಗಿ ಹಿಮ ಅಂಟತೊಡಗಿದರೆ ಮೇಣ ಉಜ್ಜಿ. ಬೂಟನ್ನು ಸ್ಕೀಗೆ ಬಿಗಿಯುವ ಬೈಂಡಿಂಗ್ ಮುರಿದವರು ಹಿಮನದಿಯ ನಡುವೆ ನಡೆದು ಬರಲಾರರು, ಆದ್ದರಿಂದ ಪ್ರತಿ ತಂಡದ ಬಳಿ ಸ್ಕ್ರೂ ಡ್ರೈವರ್, ತಂತಿ, ಅಗಲವಾದ ಅಂಟುಪಟ್ಟಿ, ರಬ್ಬರಿನ ಸ್ಕೀ ಪಟ್ಟಿಗಳಿರಲಿ. ತಂಗುದಾಣಗಳು 3,000 ಮೀಟರ್‌ಗಿಂತ ಮೇಲಿದ್ದರೆ, ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರದಂತೆ ದಿನಗಳನ್ನು ಜೋಡಿಸಿ. ತಲೆನೋವಿನೊಂದಿಗೆ ವಾಕರಿಕೆಯೂ ಇರುವವರನ್ನು ಇನ್ನೂ ಮೇಲಕ್ಕೆ ಕರೆದೊಯ್ಯಬೇಡಿ.

ನಿಮ್ಮ ಯೋಜನೆಯ ಬಗ್ಗೆ ನನ್ನ ನಿರ್ದಿಷ್ಟ ಅಭಿಪ್ರಾಯ ಇದು. ಚಳಿಗಾಲ ಆರಂಭವಾಗುವ ಮುನ್ನ ಆರೂ ಮಂದಿ ಒಂದು ಮಾನ್ಯ ಹಿಮಕುಸಿತ ತರಬೇತಿಯನ್ನು ಒಟ್ಟಿಗೆ ಪಡೆಯಲು ಹೆಸರು ನೋಂದಾಯಿಸಿ, ಬೇರೆ ಬೇರೆಯಾಗಿ ಬೇಡ. ಚಳಿಗಾಲದ ಉದ್ದಕ್ಕೂ ಅನುಭವಿಗಳಿಗೆ ಚೆನ್ನಾಗಿ ಪರಿಚಯವಿರುವ, 30 ಡಿಗ್ರಿಗಿಂತ ಕಡಿಮೆಯ ಜಾಗಗಳಲ್ಲಿ ಒಂದು ದಿನದ ಚಾರಣಗಳನ್ನು ಮಾಡಿ, ಅವುಗಳಲ್ಲಿ ಕೆಲವನ್ನು ಉಳಿದ ನಾಲ್ವರು ಮುನ್ನಡೆಸಲಿ, ಅನುಭವಿಗಳು ಹಿಂದೆ ನಡೆಯಲಿ. ಪ್ರತಿ ಚಾರಣದ ನಂತರ, ಎಲ್ಲವೂ ಚೆನ್ನಾಗಿ ನಡೆದ ದಿನವೂ, ಇಂದು ನಾವು ಅದೃಷ್ಟದಿಂದ ಪಾರಾದದ್ದು ಎಲ್ಲಿ ಎಂಬ ಒಂದು ಪ್ರಶ್ನೆಗೆ ಆರೂ ಮಂದಿ ಉತ್ತರ ಹೇಳಲಿ. ಹಿಮನದಿಯಲ್ಲಿ ರಕ್ಷಣೆಯ ಅಭ್ಯಾಸ ಆಗಿರದಿದ್ದರೆ ಕೊನೆಯ ದಿನಕ್ಕೆ ಮಾತ್ರ ಒಬ್ಬ ಪ್ರಮಾಣಿತ ಮಾರ್ಗದರ್ಶಕರನ್ನು ಗೊತ್ತುಮಾಡಿ. ಅದೂ ಆಗದಿದ್ದರೆ ಶಿಖರವನ್ನು ಬಿಟ್ಟು ಉಳಿದ ಮೂರು ದಿನಗಳ ದಾರಿಯನ್ನು ಇಟ್ಟುಕೊಳ್ಳಿ, ಅದೇ ಒಂದು ಸುಂದರವಾದ ಯಾತ್ರೆ. ತರಬೇತಿಗೂ ಅಗೆಯುವ ಅಭ್ಯಾಸಕ್ಕೂ ಬರಲಾಗದವರು ಈ ವಸಂತದ ಯಾತ್ರೆಗೆ ಬರುವಂತಿಲ್ಲ ಎಂಬುದನ್ನು ಈಗಲೇ, ಯಾರೂ ಟಿಕೆಟ್ ಕಾಯ್ದಿರಿಸುವ ಮೊದಲೇ ತಿಳಿಸಿಬಿಡಿ.